ಗ್ರಂಥಾಲಯದ ಗಣಕದೊಳಗೆ ಕನ್ನಡ ಕಳೆದುಹೋಗಿದೆ, ಹುಡುಕುವವರು ಯಾರು?



ನಾನು ಸಾಹಿತಿಯಲ್ಲ, ಪ್ರೊಫೆಸರನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಅಚ್ಚುಕೂಟಕ್ಕೆ ಕಾಲಿಟ್ಟವನು. ಬೆಳಗಾವಿಯ ಖಡೇಬಜಾರಿನ ಹಿಂದಿನ ಗಲ್ಲಿಯೊಂದರಲ್ಲಿ ನನ್ನ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಸಂಘಟನೆಗಳ ಕರಪತ್ರ, ವರ್ಷಕ್ಕೆ ನಾಲ್ಕೈದು ಪುಸ್ತಕ, ಪಿಎಚ್.ಡಿ. ಮಾಡುವವರ ಮಹಾಪ್ರಬಂಧದ ಕಂಪೋಜು-ಬೈಂಡಿಂಗು, ಇದೇ ನನ್ನ ಹೊಟ್ಟೆಪಾಡು. ಮಸಿ ಮೆತ್ತಿದ ಕೈಯಿಂದ ಬರೆಯುತ್ತಿದ್ದೇನೆ. ಭಾಷೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ವಿಷಯವನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ.

ಹೋದ ಮಳೆಗಾಲದ ಒಂದು ಸಂಜೆ. ಖಾನಾಪುರ ಕಡೆಯ ಹುಡುಗನೊಬ್ಬ ತೊಯ್ದ ಕೊಡೆ ಮಡಚಿಕೊಂಡು ಪ್ರೆಸ್ಸಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಒಂದು ಹಳೆಯ ಪುಸ್ತಕ.

“ಅಂಕಲ್, ಇದನ್ನ ನೀವ ಅಚ್ಚು ಹಾಕಿದ್ರಂತ. ನಮ್ಮ ಅಜ್ಜಾರ ಪುಸ್ತಕ. ಇದರ ಸಿಡಿ ಐತೇನ್ರಿ?”

ನೋಡಿದೆ. ನೆನಪಾಯಿತು. ಖಾನಾಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ಊರೂರು ತಿರುಗಿ ಹೆಣ್ಣುಮಕ್ಕಳ ಬೀಸುವಕಲ್ಲಿನ ಹಾಡು ಬರೆದುಕೊಂಡಿದ್ದರು. ೨೦೦೨ರಲ್ಲಿ ತಮ್ಮ ಸ್ವಂತ ದುಡ್ಡಿನಲ್ಲಿ ನನ್ನ ಬಳಿ ೫೦೦ ಪ್ರತಿ ಮಾಡಿಸಿದರು. ಮಾಸ್ತರರು ಈಗ ಇಲ್ಲ. ಮನೆಯಲ್ಲಿ ಉಳಿದದ್ದು ಇದೊಂದೇ ಪ್ರತಿ. ಅದರಲ್ಲೂ ಮೊದಲ ಫಾರಂ, ಅಂದರೆ ಹದಿನಾರು ಪುಟ, ಗೆದ್ದಲಿನ ಪಾಲಾಗಿತ್ತು.

ಸಿಡಿ ಸಿಕ್ಕಿತು. ಅಟ್ಟದ ಮೇಲಿನ ಡಬ್ಬಿಯಲ್ಲಿ, ನನ್ನ ಕೈಬರಹದ ಚೀಟಿ ಅಂಟಿಸಿದ್ದು ಹಾಗೇ ಇತ್ತು. ಹೆಮ್ಮೆಯಿಂದ ಕೊಟ್ಟೆ. ಹುಡುಗ ತನ್ನ ಲ್ಯಾಪ್‌ಟಾಪಿಗೆ ಒಂದು ಸಿಡಿ ಪೆಟ್ಟಿಗೆ ಸಿಕ್ಕಿಸಿ ಕಡತ ತೆಗೆದ. ತೆರೆಯಿತು. ಆದರೆ ಕನ್ನಡ ಎಲ್ಲಿದೆ? ಪರದೆಯ ತುಂಬ ತಲೆಗೆ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಚುಕ್ಕೆ, ಗೆರೆ! ಒಂದಕ್ಷರ ಓದಲು ಬರಲಿಲ್ಲ.

ಆ ಫಾಂಟು ಹಾಕಿದ್ದ ಗಣಕಯಂತ್ರವನ್ನು ನಾನು ಎಂದೋ ಗುಜರಿಗೆ ಹಾಕಿದ್ದೆ. ಪ್ರಿಂಟರಿನ ತೂತಿಗೆ ಸಿಕ್ಕಿಸುವ ಕೀಲಿಡಬ್ಬಿ ಇಲ್ಲದಿದ್ದರೆ ಆ ತಂತ್ರಾಂಶ ಏಳುತ್ತಲೇ ಇರಲಿಲ್ಲ. ಆ ಡಬ್ಬಿಯೂ ಹೋಗಿತ್ತು. ಕಂಪನಿಗೆ ಫೋನು ಮಾಡಿದರೆ “ಅಷ್ಟು ಹಳೆಯದ್ದಕ್ಕೆ ನಾವು ಜವಾಬ್ದಾರರಲ್ಲ” ಎಂಬ ಉತ್ತರ. ಮಾಸ್ತರರು ಇಪ್ಪತ್ತು ವರ್ಷ ಕಾಲು ಸವೆಸಿ ಕೂಡಿಟ್ಟ ಹಾಡು ನನ್ನ ಕೈಯಲ್ಲೇ ಇದೆ. ಆದರೆ ಇಲ್ಲ!

ಅದೇ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಐದು-ಆರನೇ ಶತಮಾನದವು. ಹತ್ತೊಂಬತ್ತನೇ ಶತಮಾನದಲ್ಲಿ ಫ್ಲೀಟ್ ಸಾಹೇಬರು ಅವನ್ನು ಓದಿ ಅಚ್ಚು ಹಾಕಿಸಿದರು. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಮಣ್ಣಲ್ಲಿದ್ದ ತಾಮ್ರ ಮಾತಾಡಿತು. ನನ್ನ ಸಿಡಿ ಇಪ್ಪತ್ತು ವರ್ಷಕ್ಕೆ ಮೂಕವಾಯಿತು. ನಾಚಿಕೆಯಾಗಬೇಕಾದ್ದು ಯಾರಿಗೆ? ಮೊದಲು ನನಗೆ. ಆಮೇಲೆ ನಮಗೆಲ್ಲರಿಗೂ.

ಹುಡುಗನ ಕೆಲಸ ಏನು?

ಹುಡುಗನ ಕೆಲಸ ಕೇಳಿದೆ. “ವಿಶ್ವವಿದ್ಯಾಲಯದ ಲೈಬ್ರರಿಯೊಳಗ ಸಾಫ್ಟ್‌ವೇರ್ ಡೆವಲಪರ್ ಅದೀನ್ರಿ” ಅಂದ. ನನಗೆ ನಗು ಬಂತು. ಸಾಫ್ಟ್‌ವೇರಿನವರು ಎಂದರೆ ರಾತ್ರಿ ಬಸ್ಸು ಹತ್ತಿ ಪುಣೆಗೋ ಬೆಂಗಳೂರಿಗೋ ಹೋಗುವವರು, ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಗಾಜಿನ ಮನೆಯಲ್ಲಿ ಕೂಡುವವರು. ಲೈಬ್ರರಿಯಲ್ಲಿ ಇವರಿಗೇನು ಕೆಲಸ? ಪುಸ್ತಕಕ್ಕೆ ಠಸ್ಸೆ ಹೊಡೆಯುವುದೇ?

ಅವನು ವಿವರಿಸಿದ. ನಾನು ಅಚ್ಚುಕೂಟದವನ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ವಿಶ್ವವಿದ್ಯಾಲಯದಲ್ಲಿ ಹುಟ್ಟುವ ಪ್ರಬಂಧ, ಲೇಖನ, ಹಳೆಯ ಪುಸ್ತಕ, ಹಸ್ತಪ್ರತಿಯ ಚಿತ್ರ ಇವೆಲ್ಲ ಸೇರುವ ಗಣಕದ ಉಗ್ರಾಣ ಒಂದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಉಗ್ರಾಣ ೨೦೦೨ರಲ್ಲೇ ಶುರುವಾಯಿತು. ದೇಶದಲ್ಲೇ ಅದು ಮೊದಲು. ಅದೇ ವರ್ಷ ಅಮೆರಿಕದ ಎಂಐಟಿಯವರು ಎಚ್‌ಪಿ ಕಂಪನಿಯ ಜೊತೆಗೂಡಿ ‘ಡಿಸ್ಪೇಸ್’ ಎಂಬ ತಂತ್ರಾಂಶ ಹೊರತಂದರು. ಅದು ಪುಕ್ಕಟೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳ ಉಗ್ರಾಣ ನಡೆಯುತ್ತಿರುವುದು ಇದರ ಮೇಲೆಯೇ.

ಆದರೆ ತಂತ್ರಾಂಶ ಪುಕ್ಕಟೆ ಸಿಕ್ಕಿತೆಂದು ಕೆಲಸ ಪುಕ್ಕಟೆ ಆಗುತ್ತದೆಯೇ? ಒಂದೊಂದು ಪುಸ್ತಕಕ್ಕೂ ಒಂದು ಚೀಟಿ ಬರೆಯಬೇಕು: ಹೆಸರು, ಬರೆದವರು, ವಿಷಯ, ವರ್ಷ, ಭಾಷೆ, ಹಕ್ಕು ಹೀಗೆ ಹದಿನೈದು ಬಾಬತ್ತು. ಇದಕ್ಕೆ ‘ಡಬ್ಲಿನ್ ಕೋರ್’ ಅನ್ನುತ್ತಾರೆ. ಐರ್ಲೆಂಡಿನ ಡಬ್ಲಿನ್ ಅಲ್ಲ. ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬ ಊರಲ್ಲಿ ೧೯೯೫ರಲ್ಲಿ ಕೂತು ಮಾಡಿದ್ದು. ಕಡತ ಕೆಟ್ಟಿದೆಯೋ ನೆಟ್ಟಗಿದೆಯೋ ಎಂದು ಆಗಾಗ ತಾಳೆ ನೋಡಬೇಕು. ಇನ್ನೊಂದು ಕಡೆ ನಕಲು ಇಡಬೇಕು. ಗಣಕ ಬದಲಾದರೂ ಪುಸ್ತಕದ ವಿಳಾಸ ಬದಲಾಗದಂತೆ ನೋಡಿಕೊಳ್ಳಬೇಕು. ಓದುಗ ಒಂದು ಪದ ಹಾಕಿದರೆ ಸರಿಯಾದ ಪುಸ್ತಕ ಸಿಗುವಂತೆ ಮಾಡಬೇಕು. ಇಷ್ಟೂ ನಮ್ಮ ಹುಡುಗನ ಕೆಲಸ.

ಸಂಬಳ? ಅದನ್ನು ಕೇಳಬೇಡಿ. ಏಜೆನ್ಸಿಯ ಮೂಲಕ ಹನ್ನೊಂದು ತಿಂಗಳ ಗುತ್ತಿಗೆ. ಹನ್ನೆರಡನೇ ತಿಂಗಳು ಎದೆ ಡವಡವ. ಅವನ ಜೊತೆ ಓದಿದವರು ಬೆಂಗಳೂರಿನಲ್ಲಿ ಕಾರು ಕೊಂಡಿದ್ದಾರೆ. ಇವನು ದಿನಾ ಖಾನಾಪುರದಿಂದ ಇಪ್ಪತ್ತಾರು ಕಿಲೋಮೀಟರು ಬಸ್ಸಿನಲ್ಲಿ ನಿಂತು ಬರುತ್ತಾನೆ. ಯಾಕಪ್ಪಾ ಈ ಕೆಲಸ ಅಂದೆ. “ಯಾರರ ಮಾಡಬೇಕಲ್ರಿ” ಅಂದ. ಅಷ್ಟೇ. ಭಾಷಣ ಮಾಡಲಿಲ್ಲ.

ಹಳ್ಳಿಯೋ ಹಲ್ಲಿಯೋ?

ಈಗ ಆ ಉಗ್ರಾಣದಲ್ಲಿ ಕನ್ನಡದ ಗತಿ ಏನೆಂದು ಕೇಳಿ.

ವಿಶ್ವವಿದ್ಯಾಲಯ ಅನುದಾನ ಆಯೋಗ ೨೦೦೯ರಲ್ಲಿ ನಿಯಮ ಮಾಡಿ, ಪಿಎಚ್.ಡಿ. ಪ್ರಬಂಧದ ಗಣಕ ಪ್ರತಿಯನ್ನೂ ಒಪ್ಪಿಸಬೇಕೆಂದು ವಿಧಿಸಿತು. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ದಲ್ಲಿ ಇಡೀ ದೇಶದ ಪ್ರಬಂಧಗಳು ಸೇರುತ್ತವೆ. ಬಹಳ ಒಳ್ಳೆಯ ಕೆಲಸ. ಕನ್ನಡ ಪ್ರಬಂಧಗಳೂ ಅಲ್ಲಿವೆ. ಆದರೆ ಹೇಗಿವೆ? ಕೆಲವು ಬರೀ ಫೋಟೋ. ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕೆಲವು ಹಳೆಯ ಫಾಂಟಿನವು. ಪರದೆಯ ಮೇಲೆ ಕನ್ನಡದಂತೆ ಕಾಣುತ್ತದೆ; ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ನನ್ನ ಸಿಡಿಯ ಅವತಾರವೇ ಎದ್ದು ಬರುತ್ತದೆ.

ಹೆಸರುಗಳ ಕಥೆಯೋ ಇನ್ನೂ ದೊಡ್ಡ ತಮಾಷೆ. ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡುತ್ತಾರೆ. ಎಚ್, ಎ, ಎರಡು ಎಲ್, ಐ. ಇದು ಹಳ್ಳಿಯೋ, ಗೋಡೆಯ ಮೇಲಿನ ಹಲ್ಲಿಯೋ? ಮನೆಯೋ ಮಣೆಯೋ? ಕಲೆಯೋ ಕಳೆಯೋ? ದೇವರೇ ಬಲ್ಲ! ‘ಹಳ್ಳಿಯ ಕಲೆ’ ಎಂಬ ಪುಸ್ತಕ ಗಣಕಕ್ಕೆ ‘ಹಲ್ಲಿಯ ಕಳೆ’ಯೂ ಹೌದು.

ಇದು ನನ್ನ ಕಲ್ಪನೆಯಲ್ಲ. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಉಗ್ರಾಣದಲ್ಲೂ ಕನ್ನಡ ಪುಸ್ತಕಗಳು ಸೇರಿದವು. ಎಲ್ಲ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಬರೆದದ್ದು ಒಂದೊಂದು ತರ. ಪುಸ್ತಕ ಇದ್ದೂ ಇಲ್ಲದಂತೆ. ಆಗ ಬೆಂಗಳೂರಿನ ‘ಸಂಚಯ’ ತಂಡದ ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಸಮೂಹ ಸಂಚಯ’ ಎಂದು ಶುರುಮಾಡಿ, ಆ ಹೆಸರುಗಳನ್ನು ಓದುಗರ ಕೈಯಿಂದಲೇ ಕನ್ನಡ ಅಕ್ಷರಕ್ಕೆ ತಂದರು. ಕೂಲಿಯಿಲ್ಲ, ಸನ್ಮಾನವಿಲ್ಲ. ರಾತ್ರಿ ಕೂತು ಒಬ್ಬ ಹತ್ತು ಹೆಸರು, ಇನ್ನೊಬ್ಬಳು ಐವತ್ತು ಹೆಸರು. ಇವರೇ ಕತೆಗಾರ ವಸುಧೇಂದ್ರ, ಓ.ಎಲ್. ನಾಗಭೂಷಣ ಸ್ವಾಮಿ ಮೊದಲಾದವರ ಜೊತೆ ಸೇರಿ ‘ವಚನ ಸಂಚಯ’ ಮಾಡಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ನಿಮಗೆ ಬೇಕಾದ ಪದ ಹಾಕಿ, ಯಾವ ಶರಣರು ಎಲ್ಲಿ ಬಳಸಿದ್ದಾರೆಂದು ಕ್ಷಣದಲ್ಲಿ ಸಿಗುತ್ತದೆ. ಇದಕ್ಕಾಗಿ ಹಿಂದೆ ವಿದ್ವಾಂಸರು ಆಯುಷ್ಯ ತೇಯುತ್ತಿದ್ದರು.

ಮುಂದೇನಾಯಿತು ಗೊತ್ತೇ? ಕೃತಿಸ್ವಾಮ್ಯದ ತಕರಾರಿನಿಂದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಬಾಗಿಲೇ ಮುಚ್ಚಿತು. ಅಮೆರಿಕದ ಕಾರ್ಲ್ ಮಲಮುಡ್ ಎಂಬಾತ ಮೊದಲೇ ನಕಲು ತೆಗೆದು ಇಂಟರ್ನೆಟ್ ಆರ್ಕೈವ್‌ನಲ್ಲಿ ಇಟ್ಟಿದ್ದರಿಂದ ಪುಸ್ತಕಗಳು ಉಳಿದವು. ನಮ್ಮ ಪುಸ್ತಕ, ನಮ್ಮ ದುಡ್ಡು, ನಮ್ಮ ಸ್ಕ್ಯಾನು. ಉಳಿದದ್ದು ಮಾತ್ರ ಪರದೇಶದವನ ಮುಂದಾಲೋಚನೆಯಿಂದ. ನಗಬೇಕೋ ಅಳಬೇಕೋ ನೀವೇ ಹೇಳಿ.

ಹಳಕಟ್ಟಿಯವರು ಮನೆ ಮಾರಿದರು

ಅಚ್ಚುಕೂಟದವನಾಗಿ ನನಗೆ ಒಂದು ಹೆಮ್ಮೆಯಿದೆ. ಫ.ಗು. ಹಳಕಟ್ಟಿಯವರು ವಕೀಲರು. ಮನೆಮನೆ ತಿರುಗಿ ಓಲೆಗರಿ ಕೂಡಿಸಿದರು. ಗೆದ್ದಲು ತಿನ್ನುತ್ತಿದ್ದ ವಚನಗಳನ್ನು ಬಿಡಿಸಿ ಬರೆದರು. ಅಚ್ಚು ಹಾಕಿಸಲು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರು, ಅಲ್ಲಿ ಆಗಲಿಲ್ಲ. ಕೊನೆಗೆ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲಿ, ಮಹಾವೀರ ಪ್ರೆಸ್ಸಿನಲ್ಲಿ! ಆಮೇಲೆ ಅವರು ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು.

ಓಲೆಗರಿಯಿಂದ ಕಾಗದಕ್ಕೆ ದಾಟಿಸಲು ಒಬ್ಬ ಮನುಷ್ಯ ಮನೆ ಮಾರಿದ. ಕಾಗದದಿಂದ ಗಣಕಕ್ಕೆ ದಾಟಿಸುವ ಕಾಲ ಈಗ. ನಾವು ಏನು ಮಾರಿದ್ದೇವೆ? ಹಳೆಯ ಕಂಪ್ಯೂಟರನ್ನು ಗುಜರಿಗೆ ಮಾರಿದ್ದೇವೆ!

ಪ್ರೆಸ್ಸಿನವರ ಪಾಪವೂ ಇದೆ

ಬರೀ ವಿಶ್ವವಿದ್ಯಾಲಯವನ್ನು ಬೈದು ಕೈತೊಳೆದುಕೊಂಡರೆ ಅದು ಮೋಸ. ನಮ್ಮ ಪ್ರೆಸ್ಸಿನವರ ಪಾಲೂ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ಸೀಸದ ಮೊಳೆ. ಪೆಟ್ಟಿಗೆಯ ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ, ಒತ್ತು, ಕೊಂಬು, ದೀರ್ಘ. ಕಣ್ಣು ಮುಚ್ಚಿಕೊಂಡು ಜೋಡಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಗಣಕ ಬಂತು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಆಮೇಲೆ ಬರಹ, ನುಡಿ. ಬರಹ-ನುಡಿ ಬರದಿದ್ದರೆ ಸಾಮಾನ್ಯ ಕನ್ನಡಿಗನ ಕೈಗೆ ಗಣಕ ಬರುತ್ತಲೇ ಇರಲಿಲ್ಲ. ಆ ಉಪಕಾರ ಮರೆಯಬಾರದು. ಆದರೆ ಆ ಕಾಲದ ಫಾಂಟುಗಳೆಲ್ಲ ಮಾಡಿದ ಉಪಾಯ ಒಂದೇ: ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ಚಿತ್ರ ಕೂಡಿಸುವುದು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬರೆಯಿರಿ. ಒಳಗೆ ಗಣಕ ಬರೆದುಕೊಳ್ಳುವುದು ಇಂಗ್ಲಿಷಿನ ಪಿ, ಇಂಗ್ಲೆಂಡಿನ ಪೌಂಡು, ಜರ್ಮನರ ಒಂದು ಅಕ್ಷರ, ಇಂಗ್ಲಿಷಿನ ಕ್ಯು! ಮೇಲೆ ಕನ್ನಡದ ಅಂಗಿ, ಒಳಗೆ ಪರದೇಶಿ. ಒಂದೊಂದು ಕಂಪನಿಯ ಮನೆ ನಂಬರೂ ಬೇರೆ ಬೇರೆ.

ಇದಕ್ಕೆ ಪರಿಹಾರ ಯೂನಿಕೋಡು. ೧೯೯೧ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ೧೨೮ ಮನೆಗಳ ಸ್ವಂತ ಓಣಿ ಇತ್ತು. ಅಲ್ಲಿ ‘ಕ’ ಎಂದರೆ ಬೆಳಗಾವಿಯಲ್ಲೂ ಕ, ಬೋಸ್ಟನ್ನಿನಲ್ಲೂ ಕ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಅಕ್ಷರ ಬಂತು. ನಮ್ಮ ಸರ್ಕಾರ ಯೂನಿಕೋಡನ್ನೇ ಬಳಸಬೇಕೆಂದು ಹೇಳಿದ್ದು ೨೦೧೨ರಲ್ಲಿ. ಅಷ್ಟರಲ್ಲಿ ನೀರು ಎಷ್ಟೋ ಹರಿದಿತ್ತು. ಆಮೇಲಾದರೂ ನಾವು ಬದಲಾದೆವೇ? ಇಲ್ಲ. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ಕನ್ನಡದ ಯೂನಿಕೋಡು ಅರ್ಥವಾಗುತ್ತಿರಲಿಲ್ಲ. ಹೊಸ ತಂತ್ರಾಂಶಕ್ಕೆ ದುಡ್ಡಿಲ್ಲ, ಕಲಿಯಲು ಪುರುಸೊತ್ತಿಲ್ಲ. ಹಳೆಯ ಫಾಂಟಿನ ಚೆಂದ ಹೊಸದರಲ್ಲಿ ಇಲ್ಲ ಎಂಬ ನೆಪ ಬೇರೆ. ಇವತ್ತಿಗೂ ಎಷ್ಟೋ ಪ್ರೆಸ್ಸಿನಲ್ಲಿ ಇದೇ ಸ್ಥಿತಿ. ನಾನು ಕಂಪೋಜು ಮಾಡಿ ಬೈಂಡು ಮಾಡಿಕೊಟ್ಟ ಪ್ರಬಂಧಗಳೆಷ್ಟು! ಅವೆಲ್ಲ ಯಾವುದೋ ಉಗ್ರಾಣದಲ್ಲಿ ಪೌಂಡಿನ ವೇಷ ಹಾಕಿಕೊಂಡು ಕೂತಿವೆ. ಅದರ ಪಾಪದಲ್ಲಿ ನನ್ನ ಪಾಲಿದೆ.

ಒಂದು ಮಾತು. ನನ್ನ ಗಲ್ಲಿಯಲ್ಲೇ ಮರಾಠಿ ಪ್ರೆಸ್ಸುಗಳಿವೆ. ಅವರ ಗೋಳೂ ಇದೇ. ಅವರ ಹಳೆಯ ಸಿಡಿಗಳೂ ಮೂಕ. ಗಡಿಯ ಜಗಳದಲ್ಲಿ ನಾವು ಎದುರುಬದುರು ನಿಂತಿರಬಹುದು; ಗೆದ್ದಲು ಮತ್ತು ಹಳೆಯ ಫಾಂಟು ಇಬ್ಬರನ್ನೂ ಸಮನಾಗಿ ತಿಂದಿವೆ.

ಮೊಳೆ ಪೆಟ್ಟಿಗೆಯ ವಿದ್ಯೆ

ಹುಡುಗ ಬಿಡಲಿಲ್ಲ. “ಅಂಕಲ್, ಈ ಫಾಂಟಿನ ಮನೆ ನಂಬರು ನಿಮಗ ನೆನಪೈತಿ?” ಅಂದ. ನೆನಪಿಲ್ಲದೆ ಏನು? ಹನ್ನೆರಡು ವರ್ಷ ಅದರಲ್ಲೇ ಕೈ ಸವೆಸಿದ್ದೇನೆ. ಪ್ರತಿ ಭಾನುವಾರ ಪ್ರೆಸ್ಸಿನ ಬಾಗಿಲು ಅರ್ಧ ಎಳೆದು ಕೂತೆವು. ಪುಸ್ತಕದ ಉಳಿದ ಪುಟಗಳು ಒಂದು ಕಡೆ, ಗಣಕದ ಗೊಂದಲ ಇನ್ನೊಂದು ಕಡೆ. ಈ ಗುರುತು ಯಾವ ಅಕ್ಷರ, ಆ ಗುರುತು ಯಾವ ಒತ್ತು ಎಂದು ಒಂದೊಂದಾಗಿ ಪಟ್ಟಿ ಮಾಡಿದೆವು.

ಇಲ್ಲಿ ತಿಳಿಯಿತು ನೋಡಿ, ಕನ್ನಡ ಬಲ್ಲ ತಂತ್ರಜ್ಞ ಯಾಕೆ ಬೇಕೆಂದು. ಆ ಫಾಂಟಿನಲ್ಲಿ ‘ಮ’ ಎಂದರೆ ‘ವ’ ಬರೆದು ಕೆಳಗೆ ಕೊಂಬು ಅಂಟಿಸಿದ್ದು. ಕನ್ನಡ ಬಾರದವನ ಪಟ್ಟಿ ಎಲ್ಲ ‘ಮ’ವನ್ನೂ ‘ವು’ ಮಾಡಿಬಿಡುತ್ತದೆ. ‘ಮನೆ’ ಹೋಗಿ ‘ವುನೆ’ ಆಗುತ್ತದೆ. ಅರ್ಕಾವೊತ್ತಿನ ಕಥೆ ಇನ್ನೊಂದು. ‘ಸೂರ್ಯ’ ಬರೆಯುವಾಗ ಹಳೆಯ ಫಾಂಟಿನಲ್ಲಿ ಆ ಒತ್ತು ‘ಯ’ದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ: ಮೊದಲು ‘ರ’, ಆಮೇಲೆ ‘ಯ’. ಹಾಗಾಗಿ ಬರೀ ಅದಲುಬದಲು ಸಾಲದು, ಜಾಗವನ್ನೂ ಹಿಂದೆ ಸರಿಸಬೇಕು. ಇಂಥವು ಎಷ್ಟೋ. ಅವನಿಗೆ ಕೋಡು ಗೊತ್ತು, ಅಕ್ಷರದ ಬಿಡಿಭಾಗ ಗೊತ್ತಿಲ್ಲ. ನನಗೆ ಬಿಡಿಭಾಗ ಗೊತ್ತು, ಕೋಡು ಗೊತ್ತಿಲ್ಲ. ನಡುವೆ ಚಹಾ.

ನಾಲ್ಕನೇ ಭಾನುವಾರ ಗೆದ್ದಲು ತಿಂದ ಆ ಹದಿನಾರು ಪುಟ ಪರದೆಯ ಮೇಲೆ ಎದ್ದು ಬಂದವು. ಕನ್ನಡದಲ್ಲಿ. ಹುಡುಕಿದರೆ ಸಿಗುವ ಕನ್ನಡದಲ್ಲಿ. ಹುಡುಗ ಅದನ್ನು ಮೊಬೈಲಿಗೆ ಹಾಕಿಕೊಂಡು ಊರಿಗೆ ಹೋಗಿ ತನ್ನ ಅಜ್ಜಿಗೆ ಓದಿ ಹೇಳಿದ. ಮರುವಾರ ಬಂದು ನಗುತ್ತ ಅಂದ: “ಎರಡನೇ ಹಾಡಿನ್ಯಾಗ ಒಂದು ಶಬ್ದ ತಪ್ಪೈತಂತ್ರಿ. ಅದು ನಾನ ಹಾಡಿದ್ದು, ಹಂಗಲ್ಲ ಹಿಂಗ ಅಂದ್ಲು ಅಜ್ಜಿ.”

ಗಣಕದ ತಪ್ಪೇ ಎಂದು ಪರೀಕ್ಷಿಸಿದೆವು. ಗಣಕದ್ದಲ್ಲ. ೨೦೦೨ರಲ್ಲಿ ಪ್ರೂಫು ನೋಡಿದ್ದು ನಾನು. ತಪ್ಪು ನನ್ನದು. ಇಷ್ಟು ವರ್ಷದ ಮೇಲೆ ತಿದ್ದಿದೆ.

ಆ ಅಜ್ಜಿ, ಅಂದರೆ ಮಾಸ್ತರರ ಹೆಂಡತಿ, ಮತ್ತು ಮಕ್ಕಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಾರೆ. ಇದು ಮುಖ್ಯ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ ೬೦ ವರ್ಷ ಹಕ್ಕು ವಾರಸುದಾರರದು. ಕೇಳಿ ಪಡೆಯಬೇಕು, ಕದಿಯಬಾರದು. ಕೇಳಿದರೆ ಕೊಡುತ್ತಾರೆ, ನಾವು ಕೇಳುವುದೇ ಇಲ್ಲ.

“ಇಂಗ್ಲಿಷ್ ಸಾಕಲ್ಲ” ಎನ್ನುವವರಿಗೆ

ಕೆಲವು ಪಂಡಿತರಿದ್ದಾರೆ. “ಜಗತ್ತೇ ಇಂಗ್ಲಿಷಿನಲ್ಲಿ ಹುಡುಕುತ್ತದೆ, ಹೆಸರು ಇಂಗ್ಲಿಷಿನಲ್ಲಿದ್ದರೆ ತಪ್ಪೇನು?” ಎನ್ನುತ್ತಾರೆ. ಸ್ವಾಮಿ, ಇಂಗ್ಲಿಷೂ ಇರಲಿ, ಬೇಡ ಎಂದವರು ಯಾರು? ಆದರೆ ಕನ್ನಡ ಪುಸ್ತಕದ ಹೆಸರು ಕನ್ನಡದಲ್ಲಿ ಇರಬಾರದು ಎಂದರೆ, ಹೆತ್ತ ಮಗನಿಗೆ ಪಕ್ಕದ ಮನೆಯವರ ಹೆಸರಿಟ್ಟು ಕರೆದಂತೆ.

ಇನ್ನು ಕೆಲವರು, “ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಎಲ್ಲ ಓದಿಕೊಳ್ಳುತ್ತದೆ” ಎನ್ನುತ್ತಾರೆ. ಯಂತ್ರ ಫೋಟೋದಿಂದ ಅಕ್ಷರ ಎತ್ತುವುದನ್ನು ಕಲಿತಿದೆ, ನಿಜ. ಆದರೆ ಮಸುಕಾದ ಪುಟ, ಹಳೆಯ ಮೊಳೆ, ಹಳಗನ್ನಡದ ಱ ೞ, ನಮ್ಮ ಕಡೆಯ ಆಡುಮಾತು ಬಂದಲ್ಲಿ ಎಡವುತ್ತದೆ; ತಿದ್ದಲು ಮನುಷ್ಯನೇ ಬೇಕು. ಅದಕ್ಕಿಂತ ದೊಡ್ಡ ಮಾತು: ಆ ಯಂತ್ರ ಬುದ್ಧಿ ಕಲಿಯುವುದೇ ನಾವು ಹಾಕಿದ ಬರಹದಿಂದ. ಪೌಂಡು-ಪಿ-ಕ್ಯು ಹಾಕಿದರೆ ಅದೇನು ಕಲಿತೀತು? ಖಾನಾಪುರದ ಹೆಣ್ಣುಮಕ್ಕಳ ಹಾಡು ಅದರ ಹೊಟ್ಟೆಗೆ ಹೋಗದಿದ್ದರೆ, ನಾಳೆ ಅದರ ಲೆಕ್ಕದಲ್ಲಿ ಆ ಹಾಡು ಹುಟ್ಟಿಯೇ ಇಲ್ಲ.

೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಾಗ ಪಟಾಕಿ ಹೊಡೆದೆವು. ೨೦೧೧ರಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ಆದಾಗ ಊರಿಗೆ ಊರೇ ಸಿಂಗಾರವಾಯಿತು. ಅದರ ಕರಪತ್ರ ಎಷ್ಟೋ ನಾನೇ ಅಚ್ಚು ಹಾಕಿದ್ದೇನೆ. ೨೦೧೨ರಲ್ಲಿ ಸುವರ್ಣ ವಿಧಾನಸೌಧ, ೨೦೧೪ರಲ್ಲಿ ಬೆಳಗಾಂ ಹೋಗಿ ಬೆಳಗಾವಿ. ಎಲ್ಲ ಬೇಕಾದ್ದೇ. ಬೋರ್ಡಿನ ಮೇಲಿನ ಅಕ್ಷರಕ್ಕೆ ಹೋರಾಡಿದವರು ನಾವು. ಆದರೆ ಬೋರ್ಡಿನ ಹಿಂದಿನ ಕಪಾಟಿನೊಳಗೆ ಏನಿದೆ ಎಂದು ಯಾರಾದರೂ ಇಣುಕಿ ನೋಡಿದ್ದೇವೆಯೇ?

ನಮ್ಮ ಬೇಡಿಕೆ

ಗಂಟಲು ಹರಿದುಕೊಳ್ಳುವ ಮೊದಲು ಏನು ಬೇಕೆಂದು ಸ್ಪಷ್ಟವಾಗಿ ಹೇಳೋಣ.

೧. ಕನ್ನಡ ಮಹಾಪ್ರಬಂಧಗಳನ್ನು ವಿಶ್ವವಿದ್ಯಾಲಯಗಳು ಯೂನಿಕೋಡ್ ಬರಹದಲ್ಲೇ ಪಡೆಯಬೇಕು. ಫೋಟೋ ನಡೆಯದು, ಹಳೆಯ ಫಾಂಟು ನಡೆಯದು. ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶ ಕನ್ನಡ ಅಕ್ಷರದಲ್ಲಿ ಇರಲೇಬೇಕು.

೨. ಗ್ರಂಥಾಲಯದ ಪಟ್ಟಿಯಲ್ಲಿ ಕನ್ನಡ ಪುಸ್ತಕದ ಹೆಸರು ಮೊದಲು ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರದ್ದು ಅದರ ಪಕ್ಕದಲ್ಲಿ.

೩. ಉಗ್ರಾಣ ನೋಡಿಕೊಳ್ಳುವ ತಂತ್ರಜ್ಞನ ಹುದ್ದೆ ಕಾಯಂ ಆಗಬೇಕು. ಕನ್ನಡ ಓದು-ಬರಹ ಆ ಹುದ್ದೆಯ ಅರ್ಹತೆಯಾಗಬೇಕು. ಕಪಾಟಿಗೆ ಬೀಗ ಹಾಕುವ ಕಾವಲುಗಾರ ಹನ್ನೊಂದು ತಿಂಗಳಿಗೊಮ್ಮೆ ಬದಲಾದರೆ ಬೀಗದ ಕೈ ಯಾರ ಹತ್ತಿರ ಎಂದು ಯಾರಿಗೂ ತಿಳಿಯುವುದಿಲ್ಲ.

೪. ಅಚ್ಚುಕೂಟದವರಾದ ನಾವು ಪುಸ್ತಕದ ಜೊತೆ ಅದರ ಯೂನಿಕೋಡ್ ಕಡತವನ್ನೂ ಲೇಖಕರಿಗೆ ಕೊಡಬೇಕು. ನಾನು ಶುರುಮಾಡಿದ್ದೇನೆ. ದರ ಹೆಚ್ಚಿಸಿಲ್ಲ. ಬೆಳಗಾವಿ, ಗೋಕಾಕ, ಧಾರವಾಡ, ಗದಗದ ಮುದ್ರಕ ಬಂಧುಗಳು ಅಟ್ಟದ ಮೇಲಿನ ಸಿಡಿಗಳನ್ನು ಎಸೆಯಬೇಡಿ. ಹಳೆಯ ಕ್ಯಾಟಲಾಗು, ಕೀಲಿಮಣೆ ಚಾರ್ಟು ಎಸೆಯಬೇಡಿ. ಅವೇ ಈಗ ನಿಘಂಟು.

೫. ಇದು ನಿಮಗೆ, ಯುವಕರಿಗೆ. ವಾರಕ್ಕೆ ಎರಡು ತಾಸು ಕೊಡಿ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕದ ಒಂದು ಪುಟ ತಿದ್ದಿ. ಇಂಜಿನಿಯರಿಂಗ್ ಓದುತ್ತಿರುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವುದೋ ಹಳೆಯ ನಕಲು ಕೊಂಡು ತರುವ ಬದಲು ಒಂದು ಹಳೆಯ ಕನ್ನಡ ಫಾಂಟಿನ ಪರಿವರ್ತಕ ಬರೆಯಿರಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಊರಲ್ಲೇ, ಮಚ್ಛೆಯಲ್ಲೇ ಇದೆಯಲ್ಲ! ‘ಮನೆ’ ಎಂದು ಹುಡುಕಿದರೆ ‘ಮನೆಯಲ್ಲಿ’, ‘ಮನೆಗೆ’, ‘ಮನೆಯಿಂದ’ ಕೂಡ ಸಿಗುವಂತೆ ಮಾಡುವುದು ಹೇಗೆ? ವಿಭಕ್ತಿ ಬಲ್ಲ ಕನ್ನಡದ ಹುಡುಗಿ ಮಾಡಬಲ್ಲಳು. ಬೇರೆ ಯಾರು ಮಾಡಿಯಾರು?

ಬೆಂಗಳೂರಿನ ಗಾಜಿನ ಮನೆಯ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ಹೊಟ್ಟೆ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ದಿನವಿಡೀ ಪರದೇಶದ ಬ್ಯಾಂಕಿನ ಲೆಕ್ಕ ಸರಿಮಾಡುವ ಆ ಕೈಗೆ, ವಾರಕ್ಕೊಮ್ಮೆ ಅಜ್ಜಿಯ ಹಾಡಿನ ಒಂದು ಸಾಲು ಸರಿಮಾಡಲು ಪುರುಸೊತ್ತಿಲ್ಲವೇ?

ಖಾನಾಪುರದ ಆ ಹುಡುಗನ ಗುತ್ತಿಗೆ ಬರುವ ತಿಂಗಳು ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಅವನಿಗೂ ಗೊತ್ತಿಲ್ಲ. ನಾವು ಮಾಡಿದ ಅಕ್ಷರಪಟ್ಟಿಯ ಒಂದು ನಕಲು ನನ್ನ ಪ್ರೆಸ್ಸಿನಲ್ಲಿ ಇಟ್ಟಿದ್ದಾನೆ. “ನಾ ಇಲ್ಲದಿದ್ರೂ ಇದು ಇರಲ್ರಿ” ಅಂದ. ಮೇಜಿನ ಗಾಜಿನ ಕೆಳಗೆ, ಅಪ್ಪನ ಮೊಳೆ ಪೆಟ್ಟಿಗೆಯ ನಕ್ಷೆಯ ಪಕ್ಕದಲ್ಲೇ ಇಟ್ಟಿದ್ದೇನೆ.

ಯಾವ ಹುಡುಗ, ಯಾವ ಹುಡುಗಿ ಬೇಕಾದರೂ ಬನ್ನಿ. ಭಾನುವಾರ ಬಾಗಿಲು ಅರ್ಧ ತೆರೆದಿರುತ್ತದೆ. ಅಟ್ಟದ ಮೇಲೆ ಇನ್ನೂ ಮೂರು ಡಬ್ಬಿ ಸಿಡಿಗಳಿವೆ. ಚಹಾ ನನ್ನದು.

ಸಿರಿಗನ್ನಡಂ ಗೆಲ್ಗೆ!